ಡ್ರೈವರಣ್ಣನ ಕಿವಿಗೂ ಒಂದು ಬಟನ್ ಬೇಕು

ಹಾಡು ಕೇಳಬೇಕೆಂದರೆ ಹಾಡಿನ ಆ್ಯಪನ್ನೇ ತೆರೆಯಬೇಕು ಅನ್ನುವ ಕಾಲ ಹೋಗಿ ಬಹಳ ದಿನವಾಯಿತು. ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ನೋಡುತ್ತಲೇ ಹಾಡು ಬದಲಿಸಬಹುದು. ಬೆಳಿಗ್ಗೆ ಎದ್ದು ಓಡಿದ ದೂರವನ್ನು ಲೆಕ್ಕ ಹಾಕುವ ಆ್ಯಪ್‌ನೊಳಗೇ ಓಟಕ್ಕೆ ತಕ್ಕ ಹಾಡು ಸಿಗುತ್ತದೆ. ಹಾಡು ಅಂಟಿಸದ ಇನ್‌ಸ್ಟಾಗ್ರಾಂ ಸ್ಟೋರಿ ಸ್ಟೋರಿಯೇ ಅಲ್ಲ ಅನ್ನುವ ಗೆಳತಿಯರು ನನಗಿದ್ದಾರೆ. ಟಿಂಡರ್ ಅಂತೂ 2016ರಲ್ಲೇ ಸ್ಪಾಟಿಫೈ ಜೊತೆ ಸೇರಿ, ಪ್ರೊಫೈಲಿಗೊಂದು ನೆಚ್ಚಿನ ಹಾಡು ಹಾಕಿಕೊಳ್ಳಿ ಅಂದಿತು. ಫೋಟೊ ನೋಡಿ ಒಪ್ಪದವರು ಹಾಡು ಕೇಳಿಯಾದರೂ ಒಪ್ಪಲಿ ಅಂತಿರಬೇಕು!

ಒಂದು ಆ್ಯಪ್‌ನ ಮನೆಯೊಳಗೆ ಇನ್ನೊಂದು ಕಂಪನಿಯ ಹಾಡನ್ನು ತಂದು ಕೂರಿಸುವ ಈ ಕೆಲಸಕ್ಕೆ ನಮ್ಮ ಕಡೆ ‘ಪಾರ್ಟ್‌ನರ್ ಇಂಟಿಗ್ರೇಷನ್’ ಎಂಬ ದೊಡ್ಡ ಹೆಸರಿದೆ. ‘ನಮ್ಮ ಕಡೆ’ ಅಂದರೆ, ನಾನು ಬೆಂಗಳೂರಿನ ಒಂದು ಸಣ್ಣ ಡಿಸೈನ್ ಕಂಪನಿಯಲ್ಲಿ ಆ್ಯಪ್‌ಗಳ ಪರದೆ ಚಿತ್ರಿಸುವವಳು. ಯಾವ ಬಟನ್ ಎಲ್ಲಿರಬೇಕು, ಒತ್ತಿದರೆ ಏನಾಗಬೇಕು, ಆಗದಿದ್ದರೆ ಏನು ಹೇಳಬೇಕು ಎಂದು ತೀರ್ಮಾನಿಸುವುದೇ ನನ್ನ ಸಂಬಳದ ಕೆಲಸ. ಈ ವರ್ಷ ನನ್ನ ಪಾಲಿಗೆ ಬಂದದ್ದು ಒಂದು ಟ್ಯಾಕ್ಸಿ ಆ್ಯಪ್‌ನೊಳಗೆ ಹಾಡಿನ ಕಂಪನಿಯೊಂದರ ಪ್ಲೇಯರ್ ಕೂರಿಸುವುದು. ಎರಡು ಕಂಪನಿಗಳ ಹೆಸರನ್ನೂ ಹೇಳುವಂತಿಲ್ಲ, ಕಾಗದಕ್ಕೆ ಸಹಿ ಹಾಕಿದ್ದೇನೆ. ನಾನು ಹೇಳಬೇಕೆಂದಿರುವ ಮಾತಿಗೆ ಹೆಸರುಗಳು ಬೇಕಾಗಿಯೂ ಇಲ್ಲ.

ಹೊರಗಿನಿಂದ ನೋಡಿದರೆ ಇದು ಒಂದು ಪಟ್ಟಿ, ಮೂರು ಬಟನ್. ಒಳಗೆ ಇಳಿದರೆ ಎರಡು ಸಂಬಂಧಿಕರ ನಡುವಿನ ಮದುವೆ ಮಾತುಕತೆಗಿಂತ ಕಷ್ಟ. ಯಾರ ಬಣ್ಣ ಇರಬೇಕು, ಯಾರ ಲೋಗೊ ಎಷ್ಟು ದೊಡ್ಡದು, ಹಾಡಿನ ಹೆಸರು ಉದ್ದವಾದರೆ ಎಲ್ಲಿ ಕತ್ತರಿಸಬೇಕು? ಇವಕ್ಕೆಲ್ಲ ಹಾಡಿನ ಕಂಪನಿಗಳು ಮೊದಲೇ ನಿಯಮ ಬರೆದಿಟ್ಟಿರುತ್ತವೆ. ಸ್ಪಾಟಿಫೈನ ನಿಯಮಗಳನ್ನು ಯಾರು ಬೇಕಾದರೂ ಓದಬಹುದು: ಆಲ್ಬಂನ ಚಿತ್ರವನ್ನು ಕತ್ತರಿಸುವಂತಿಲ್ಲ, ಅದರ ಮೇಲೆ ನಿಮ್ಮ ಅಕ್ಷರ ಕೂರಿಸುವಂತಿಲ್ಲ, ಹಾಡು ಎಲ್ಲಿಂದ ಬರುತ್ತಿದೆ ಎಂಬುದನ್ನು ಮುಚ್ಚಿಡುವಂತಿಲ್ಲ. ಆಮೇಲೆ ಬರುವುದು ಖಾತೆ ಜೋಡಿಸುವ ಪರದೆ. ಟ್ಯಾಕ್ಸಿ ಆ್ಯಪ್‌ನಿಂದ ಹಾಡಿನ ಆ್ಯಪ್‌ಗೆ ಹಾರಿ, ಅಲ್ಲಿ ‘ಒಪ್ಪಿಗೆ’ ಒತ್ತಿ, ಮತ್ತೆ ಹಿಂದಕ್ಕೆ ಬರಬೇಕು. ಆ ಒಪ್ಪಿಗೆಯಲ್ಲಿ ಏನೇನು ಕೇಳಬೇಕು ಅನ್ನುವುದಕ್ಕೇ ನಮ್ಮಲ್ಲಿ ಎರಡು ವಾರ ಚರ್ಚೆ ನಡೆಯಿತು. ಹಾಡು ಹಾಕಲು ಬೇಕಾದಷ್ಟು ಅನುಮತಿ ಸಾಕು, ಒಬ್ಬರ ಖಾಸಗಿ ಪ್ಲೇಲಿಸ್ಟ್‌ಗಳೆಲ್ಲ ಟ್ಯಾಕ್ಸಿ ಕಂಪನಿಗೆ ಯಾಕೆ? ‘ಇರಲಿ, ಮುಂದೆ ಬೇಕಾಗಬಹುದು’ ಎಂಬ ಉತ್ತರ ಬಂತು. ಈ ‘ಮುಂದೆ ಬೇಕಾಗಬಹುದು’ ಎಂಬ ಮಾತಿನ ಬಗ್ಗೆಯೇ ಇನ್ನೊಂದು ಲೇಖನ ಬರೆಯಬಹುದು. ಅದಿರಲಿ.

ನನ್ನ ತಕರಾರು ಬೇರೆ. ಇಷ್ಟೆಲ್ಲ ಚರ್ಚೆಯಲ್ಲಿ ನಾವು ಲೆಕ್ಕಕ್ಕೆ ಹಿಡಿದದ್ದು ಮೂವರನ್ನು: ಟ್ಯಾಕ್ಸಿ ಕಂಪನಿ, ಹಾಡಿನ ಕಂಪನಿ, ಹಿಂದಿನ ಸೀಟಿನಲ್ಲಿ ಕೂತ ಪ್ರಯಾಣಿಕ. ಆ ಹಾಡು ಮೊದಲು ಬೀಳುವುದು ಮುಂದಿನ ಸೀಟಿನವರ ಕಿವಿಗೆ. ಅವರ ಹೆಸರು ನಲವತ್ತು ಪುಟದ ದಾಖಲೆಯಲ್ಲಿ ಒಂದೇ ಕಡೆ ಇತ್ತು, ಅದೂ ‘ಚಾಲಕರ ಬ್ಲೂಟೂತ್ ಆನ್ ಆಗಿರಬೇಕು’ ಎಂಬ ವಾಕ್ಯದಲ್ಲಿ. ತಮಾಷೆ ಎಂದರೆ, ಈ ಕಂಪನಿಗಳು ಡ್ರೈವರ್‌ಗಳನ್ನು ಕರೆಯುವುದೇ ‘ಡ್ರೈವರ್ ಪಾರ್ಟ್‌ನರ್’ ಅಂತ. ಪಾರ್ಟ್‌ನರ್ ಇಂಟಿಗ್ರೇಷನ್ ದಾಖಲೆಯಲ್ಲಿ ಆ ಪಾರ್ಟ್‌ನರ್ ಮಾತ್ರ ಇಲ್ಲ.

ಇದು ನಾವೇ ಮೊದಲು ಮಾಡುತ್ತಿರುವ ಕೆಲಸವೇನಲ್ಲ. 2014ರ ನವೆಂಬರ್‌ನಲ್ಲಿ ಊಬರ್ ಮತ್ತು ಸ್ಪಾಟಿಫೈ ಕೈಜೋಡಿಸಿದವು. ಲಂಡನ್, ನ್ಯೂಯಾರ್ಕ್, ಸಿಂಗಪುರ, ಸ್ಟಾಕ್‌ಹೋಮ್, ಸಿಡ್ನಿ ಎಲ್ಲ ಸೇರಿ ಹತ್ತು ನಗರಗಳಲ್ಲಿ ಶುರುವಾಯಿತು. ಹಣ ಕೊಟ್ಟು ಸ್ಪಾಟಿಫೈ ಪ್ರೀಮಿಯಂ ತೆಗೆದುಕೊಂಡವರು ತಮ್ಮ ಖಾತೆಯನ್ನು ಊಬರ್ ಆ್ಯಪ್‌ಗೆ ಜೋಡಿಸಿದರೆ, ಆ ವ್ಯವಸ್ಥೆ ಇರುವ ಕಾರು ಸಿಕ್ಕಾಗ ಆ್ಯಪ್‌ನ ಕೆಳಗೆ ಹಾಡಿನ ಪಟ್ಟಿ ಮೂಡುತ್ತಿತ್ತು. ಕಾರಿಗೆ ಕಾಯುವಾಗಲೇ ಹಾಡು ಆರಿಸಿಟ್ಟರೆ, ಹತ್ತಿ ಕೂರುವ ಹೊತ್ತಿಗೆ ನಿಮ್ಮ ಹಾಡೇ ಸ್ವಾಗತಿಸುತ್ತಿತ್ತು. ಭಾರತದ ಊರು ಯಾವುದೂ ಆ ಪಟ್ಟಿಯಲ್ಲಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಸ್ಪಾಟಿಫೈ ನಮ್ಮ ದೇಶಕ್ಕೆ ಬಂದದ್ದೇ 2019ರ ಫೆಬ್ರುವರಿಯಲ್ಲಿ. ಆದರೆ ನಾವೇನು ಹಿಂದೆ ಬಿದ್ದಿರಲಿಲ್ಲ. 2016ರ ನವೆಂಬರ್‌ನಲ್ಲಿ ಬೆಂಗಳೂರಿನದೇ ಓಲಾ ‘ಓಲಾ ಪ್ಲೇ’ ತಂದಿತು. ಹಿಂದಿನ ಸೀಟಿನವರ ಮುಂದೊಂದು ಪರದೆ, ಆ್ಯಪಲ್ ಮ್ಯೂಸಿಕ್, ಸೋನಿ ಲಿವ್‌ನಂಥ ಪಾಲುದಾರರು. ಕಾರು ನಿಮ್ಮದೇ ಅನ್ನಿಸಬೇಕು ಅನ್ನುವುದು ಎರಡೂ ಕಡೆಯ ಆಸೆ.

ಕಾರು ನಿಮ್ಮದಲ್ಲವಲ್ಲ! ಕಾರಿನ ಕಂತು ಕಟ್ಟುವವರು ಬೇರೆ ಇದ್ದಾರೆ.

ನನ್ನ ಸೋದರಮಾವ ತುರುವೇಕೆರೆ ಕಡೆಯವರು, ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಕ್ಯಾಬ್ ಓಡಿಸುತ್ತಿದ್ದಾರೆ. ನನ್ನ ಪರದೆಗಳನ್ನು ಒಂದು ಭಾನುವಾರ ಅವರಿಗೆ ತೋರಿಸಿದೆ. ‘ಮಾವ, ಇದನ್ನ ಒತ್ತಿದ್ರೆ ಹಿಂದೆ ಕೂತೋರಿಗೆ ಬೇಕಾದ ಹಾಡು ನಿಮ್ಮ ಕಾರಲ್ಲಿ ಬರುತ್ತೆ, ಹೆಂಗಿದೆ?’ ಅಂದೆ. ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿದರು. ‘ಚಂದಾಗೈತೆ ಕಣವ್ವ. ನನ್ನ ಬಟನ್ ಎಲ್ಲೈತೆ?’ ಅಂದರು. ಇಲ್ಲ ಅಂದೆ. ‘ಹಾಡು ಯಾರಿಗೆ ಬ್ಯಾಡ ಹೇಳು. ಆದ್ರೆ ದಿನಕ್ಕೆ ಹತ್ತು ಜನ ಹತ್ತುತಾರೆ, ಹತ್ತು ಥರದ ಹಾಡು. ಅವ್ರು ಅವ್ರ ಸ್ಟಾಪು ಬಂದ್ರೆ ಇಳ್ಕೊಂಡು ಹೋಯ್ತಾರೆ. ನಾನೆಲ್ಲಿ ಇಳೀಲಿ?’

ಆಮೇಲೆ ನಮ್ಮ ಆಫೀಸಿಗೆ ಹೋಗಿ ಬರುವ ದಾರಿಯಲ್ಲಿ ಐದಾರು ಡ್ರೈವರ್‌ಗಳನ್ನು ಮಾತಾಡಿಸಿದೆ. ಇದನ್ನು ಸಮೀಕ್ಷೆ ಅಂತ ಕರೆಯಲಾರೆ, ಹರಟೆ ಅನ್ನಿ. ಒಬ್ಬರು ಹಾಡಿನ ಬಗ್ಗೆ ಬಿಟ್ಟು ಡೇಟಾ ಬಗ್ಗೆ ಕೇಳಿದರು: ‘ಹಾಡು ಯಾರ ಫೋನಿಂದ ಬರುತ್ತೆ ಮೇಡಂ, ಅವರದಾ ನಮ್ಮದಾ?’ ಎಷ್ಟು ಸರಿಯಾದ ಪ್ರಶ್ನೆ ನೋಡಿ! ಇಂಥ ವ್ಯವಸ್ಥೆಯನ್ನು ಎರಡು ರೀತಿ ಕಟ್ಟಬಹುದು. ಒಂದು, ಪ್ರಯಾಣಿಕರ ಫೋನು ರಿಮೋಟ್ ಇದ್ದಂತೆ. ಹಾಡು ಹರಿದು ಬರುವುದು ಕಾರಿನ ಸ್ಪೀಕರಿಗೆ ಮೊದಲೇ ಜೋಡಿಸಿಟ್ಟ ಡ್ರೈವರ್ ಫೋನಿಗೆ. ಸೆಕೆಂಡಿಗೆ 160 ಕಿಲೊಬಿಟ್ ಲೆಕ್ಕದ ಸಾಧಾರಣ ಗುಣಮಟ್ಟದ ಹಾಡು ಗಂಟೆಗೆ 72 ಎಂಬಿ ತಿನ್ನುತ್ತದೆ. ಎಂಟು ಗಂಟೆ ಓಡಿಸಿದರೆ 576 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಅದು ಮೂರನೇ ಒಂದಕ್ಕಿಂತ ಹೆಚ್ಚು. ಪ್ರೀಮಿಯಂ ಪ್ರಯಾಣಿಕರದು, ಡೇಟಾ ಡ್ರೈವರದು.

ಇನ್ನೊಂದು ರೀತಿ, ಪ್ರಯಾಣಿಕರ ಫೋನೇ ನೇರವಾಗಿ ಕಾರಿನ ಬ್ಲೂಟೂತ್‌ಗೆ ಜೋಡಣೆಯಾಗುವುದು. ಡೇಟಾ ತಕರಾರು ಇಲ್ಲ. ಆದರೆ ಬೇರೊಂದು ತೊಂದರೆ ಶುರುವಾಗುತ್ತದೆ, ಇದು ಹೊರಗಿನವರಿಗೆ ಹೊಳೆಯುವುದಿಲ್ಲ. ಒಂದೇ ಫೋನಿನಲ್ಲಿ ಹಾಡು, ಮ್ಯಾಪ್ ಎರಡೂ ಇದ್ದರೆ, ‘ಎಡಕ್ಕೆ ತಿರುಗಿ’ ಅನ್ನುವ ಹೊತ್ತಿಗೆ ಹಾಡಿನ ಸದ್ದು ತಾನಾಗಿ ತಗ್ಗುತ್ತದೆ. ಫೋನೊಳಗೆ ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು ಎಂಬ ಒಪ್ಪಂದ ಇರುತ್ತದೆ. ಹಾಡು ನಿಮ್ಮ ಫೋನಿನಲ್ಲಿ, ಮ್ಯಾಪ್ ಡ್ರೈವರ್ ಫೋನಿನಲ್ಲಿ ಇದ್ದರೆ ಆ ಎರಡಕ್ಕೆ ಪರಿಚಯವೇ ಇಲ್ಲ. ಹಾಡು ತನ್ನ ಪಾಡಿಗೆ ಜೋರಾಗಿ ಹಾಡುತ್ತದೆ, ಮ್ಯಾಪ್ ತನ್ನ ಪಾಡಿಗೆ ಮೆತ್ತಗೆ ಹೇಳುತ್ತದೆ. ಹೆಬ್ಬಾಳದ ಹತ್ತಿರ ಫ್ಲೈಓವರ್ ಹತ್ತಬೇಕಾ, ಕೆಳಗೆ ಹೋಗಬೇಕಾ ಅನ್ನುವ ಆ ನಾಲ್ಕು ಸೆಕೆಂಡಿನಲ್ಲಿ ಮಾತು ಕೇಳಿಸದಿದ್ದರೆ ಕಥೆ ಮುಗಿಯಿತು. ಸುತ್ತಿ ಬರುವ ಸಮಯ, ಡೀಸೆಲ್, ‘ದಾರಿ ಗೊತ್ತಿಲ್ವಾ ನಿಮಗೆ’ ಎಂಬ ಬೈಗುಳ, ಕೊನೆಗೆ ಎರಡು ಸ್ಟಾರ್. ಹಾಡು ಹಾಕಿದವರಿಗೆ ತಮ್ಮ ಹಾಡಿನಿಂದಲೇ ಹೀಗಾಯಿತು ಅನ್ನುವುದು ಗೊತ್ತೂ ಆಗುವುದಿಲ್ಲ. ಹಿಂದಿನಿಂದ ಬರುವ ಆಂಬುಲೆನ್ಸ್ ಸದ್ದಿನ ಮಾತು ಬೇರೆಯೇ ಇದೆ.

‘ಬೇಡ ಅಂದರೆ ಡ್ರೈವರ್ ಹೇಳಬಹುದಲ್ಲ?’ ಎಂದು ನೀವು ಕೇಳಬಹುದು. ನಮ್ಮ ಮೀಟಿಂಗಿನಲ್ಲೂ ಮೊದಲು ಬಂದ ಮಾತು ಇದೇ. ಹೇಳಬಹುದು, ಬಾಯಿ ಇದೆ. ಆದರೆ ಇಳಿಯುವಾಗ ಸ್ಟಾರ್ ಕೊಡುವವರು ಯಾರು? ಸರಾಸರಿ ಇಳಿದರೆ ಟ್ರಿಪ್ ಕಡಿಮೆಯಾಗುತ್ತದೆ, ಇನ್ನೂ ಇಳಿದರೆ ‘ಐಡಿ ಬ್ಲಾಕ್’ ಎಂಬ ಭಯ ಪ್ರತಿ ಡ್ರೈವರ್‌ಗೂ ಇದೆ. ಸ್ಟಾರ್ ಕೊಡುವವರ ಕೈಯಲ್ಲೇ ಹಾಡಿನ ಬಟನ್ನೂ ಇದ್ದಾಗ, ಇವರು ‘ಸ್ವಲ್ಪ ಕಡಿಮೆ ಮಾಡಿ’ ಅನ್ನುವುದು ಅಷ್ಟು ಸುಲಭವಲ್ಲ. 2019ರಲ್ಲಿ ಊಬರ್ ಅಮೆರಿಕದ ತನ್ನ ದುಬಾರಿ ಕಾರುಗಳಲ್ಲಿ ‘ಮಾತು ಬೇಡ’ ಎಂಬ ಆಯ್ಕೆಯನ್ನು ಆ್ಯಪ್‌ನಲ್ಲೇ ಕೊಟ್ಟಿತು. ಪ್ರಯಾಣಿಕರು ಒಂದು ಸಲ ಒತ್ತಿದರೆ ಸಾಕು, ಬಾಯಿಬಿಟ್ಟು ‘ಸುಮ್ಮನಿರಿ’ ಅನ್ನುವ ಮುಜುಗರ ಇಲ್ಲ. ಮುಜುಗರ ತಪ್ಪಿಸಲು ಬಟನ್ ಬೇಕು ಎಂಬುದು ಆ ಕಂಪನಿಗೆ ಅರ್ಥವಾಗಿತ್ತು ಎಂದಾಯಿತಲ್ಲ? ಅಂಥದ್ದೇ ಬಟನ್ ಮುಂದಿನ ಸೀಟಿಗೂ ಬೇಕು ಎಂದಷ್ಟೇ ನಾನು ಕೇಳುತ್ತಿರುವುದು.

ಹಿಂದೆ ಹೀಗಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಖಾಸಗಿ ಬಸ್ಸಿನಲ್ಲಿ ಕ್ಯಾಸೆಟ್ ಯಾವುದು ಎಂಬುದು ಡ್ರೈವರ್ ಇಷ್ಟ. ಅವರು ರಾಜ್‌ಕುಮಾರ್ ಅಭಿಮಾನಿಯಾದರೆ ಊರು ತಲುಪುವವರೆಗೂ ರಾಜ್‌ಕುಮಾರ್. ನಮ್ಮ ಅಮ್ಮ ತಿಪಟೂರಿನಲ್ಲಿ ಕಾಲೇಜಿಗೆ ಹೋಗುವಾಗ ಹಾಡು ನೋಡಿ ಬಸ್ ಹತ್ತುತ್ತಿದ್ದರಂತೆ, ಹತ್ತು ನಿಮಿಷ ತಡವಾದರೂ ಪರವಾಗಿಲ್ಲ ಎಂದು. ಅದನ್ನು ಚಿನ್ನದ ಕಾಲ ಅನ್ನಲು ನಾನು ತಯಾರಿಲ್ಲ. ಬಸ್ಸಿನ ಸ್ಪೀಕರ್ ಕೆಳಗೆ ಸೀಟು ಸಿಕ್ಕಿದವರ ಪಾಡು ಕೇಳಿದವರಿಗೆ ಗೊತ್ತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂದು, ಬಸ್ಸಿನಲ್ಲಿ ಒಬ್ಬೊಬ್ಬರದು ಒಂದೊಂದು ಹಾಡು ಶುರುವಾಯಿತು. ಕೊನೆಗೆ ವಿಷಯ ಕೋರ್ಟಿಗೆ ಹೋಗಿ, 2021ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಸಾರಿಗೆ ಬಸ್ಸಿನಲ್ಲಿ ಪ್ರಯಾಣಿಕರು ಮೊಬೈಲಿನಲ್ಲಿ ಜೋರಾಗಿ ಹಾಡು, ವಿಡಿಯೊ ಹಾಕುವಂತಿಲ್ಲ ಎಂದು ಆದೇಶ ಕೊಟ್ಟಿತು. ಹೇಳಿದ ಮಾತು ಕೇಳದವರನ್ನು ಕೆಳಗಿಳಿಸುವ ಅಧಿಕಾರವೂ ಬಸ್ ಸಿಬ್ಬಂದಿಗೆ ಸಿಕ್ಕಿತು. ಐವತ್ತು ಜನ ಕೂರುವ ಬಸ್ಸಿನಲ್ಲಿ ಬೇರೆಯವರ ಕಿವಿಗೂ ಹಕ್ಕಿದೆ ಎಂದು ಒಪ್ಪಿಕೊಂಡ ನಾವು, ಇಬ್ಬರೇ ಇರುವ ಕಾರಿನಲ್ಲಿ ಅದನ್ನು ಮರೆತರೆ ಹೇಗೆ?

ಈಗ ಇನ್ನೊಂದು ಕಡೆಯ ಮಾತು. ದುಡ್ಡು ಕೊಡುವವರು ನಾವಲ್ಲವಾ, ನಮಗೆ ಬೇಕಾದ ಹಾಡು ಕೇಳಿದರೆ ತಪ್ಪೇನು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಡ್ರೈವರ್ ಜೋರಾಗಿ ಹಾಕಿದ ಹಾಡಿಗೆ ತಲೆನೋವು ಬಂದ ಸಂಜೆಗಳು ನನಗೂ ಇವೆ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮನೆಗೆ ಹೋಗುವಾಗ, ಅಸಹ್ಯ ಅನ್ನಿಸುವ ಸಾಲುಗಳಿರುವ ಹಾಡು ಬರುತ್ತಿದ್ದರೆ ‘ಅಣ್ಣ, ಇದು ಬೇಡ’ ಅನ್ನಲು ಎಷ್ಟು ಹುಡುಗಿಯರಿಗೆ ಧೈರ್ಯ ಬರುತ್ತದೆ? ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಏನೂ ಕೇಳಿಸದಂತೆ ನಟಿಸುತ್ತೇನೆ, ಇಯರ್‌ಫೋನಿನಲ್ಲಿ ಏನೂ ಹಾಕದೆ, ರಸ್ತೆಯ ಕಡೆ ಕಿವಿ ಇಟ್ಟು. ಆದ್ದರಿಂದ ಡ್ರೈವರ್ ಕೈಗೆ ಎಲ್ಲ ಅಧಿಕಾರ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಹಾಡು ಶುರುವಾಗಲು ಇಬ್ಬರೂ ಒಪ್ಪಬೇಕು, ನಿಲ್ಲಿಸಲು ಒಬ್ಬರು ಸಾಕು. ಇಷ್ಟನ್ನು ನಿಯಮ ಮಾಡಿದರೆ ರಾತ್ರಿ ಹನ್ನೊಂದರ ಹುಡುಗಿಗೂ ನನ್ನ ಮಾವನಿಗೂ ಒಂದೇ ಬಟನ್ ಸಾಕಾಗುತ್ತದೆ.

ಕೇಳುವವರ ಕಡೆ ನೋಡಿ ವಿನ್ಯಾಸ ಮಾಡಿದ ಉದಾಹರಣೆಗಳು ಇಲ್ಲದಿಲ್ಲ. 2017ರಲ್ಲಿ ದಾರಿ ತೋರಿಸುವ ವೇಜ್ ಆ್ಯಪ್ ಸ್ಪಾಟಿಫೈ ಜೊತೆ ಸೇರಿದಾಗ, ಪ್ಲೇಲಿಸ್ಟ್ ಹುಡುಕಾಟ ಕಾರು ಪೂರ್ತಿ ನಿಂತಿದ್ದಾಗ ಮಾತ್ರ ಎಂದು ಇಟ್ಟಿತು. ಅಲ್ಲಿ ಫೋನ್ ಹಿಡಿದವರೇ ಕಾರು ಓಡಿಸುವವರು, ಅವರ ಗಮನ ರಸ್ತೆಯ ಮೇಲಿರಲಿ ಎಂದು. ಬಳಸುವವರಿಗೆ ಇದು ಕಿರಿಕಿರಿ, ಹಾಡಿನ ಕಂಪನಿಗೂ ನಷ್ಟವೇ. ಆದರೂ ಮಾಡಿದರು.

ನನಗೆ ಇನ್ನೂ ಇಷ್ಟವಾದದ್ದು ಕಾಫಿ ಅಂಗಡಿಯ ಉದಾಹರಣೆ. 2015ರ ಮೇ ತಿಂಗಳಲ್ಲಿ ಸ್ಟಾರ್‌ಬಕ್ಸ್ ಮತ್ತು ಸ್ಪಾಟಿಫೈ ಒಪ್ಪಂದ ಮಾಡಿಕೊಂಡವು. ಮರುವರ್ಷ ಜನವರಿಯಲ್ಲಿ ಅದು ಅಮೆರಿಕದ ಗಿರಾಕಿಗಳ ಫೋನಿಗೆ ಬಂತು: ಅಂಗಡಿಯಲ್ಲಿ ಬರುತ್ತಿರುವ ಹಾಡು ಯಾವುದೆಂದು ಸ್ಟಾರ್‌ಬಕ್ಸ್ ಆ್ಯಪ್‌ನಲ್ಲೇ ನೋಡಬಹುದು, ಇಷ್ಟವಾದರೆ ತಮ್ಮ ಸ್ಪಾಟಿಫೈಗೆ ಉಳಿಸಿಕೊಳ್ಳಬಹುದು. ಗಿರಾಕಿಗಳ ಕೈಗೆ ಇಷ್ಟೇ ಕೊಟ್ಟದ್ದು. ಹಾಡು ಬದಲಿಸುವ ಬಟನ್ ಇಲ್ಲ. ಅದಕ್ಕೂ ಮೊದಲು ಅವರು ಮಾಡಿದ ಕೆಲಸ ನೋಡಿ. ಅಮೆರಿಕದ ಅಂಗಡಿಗಳಲ್ಲಿ ಕಾಫಿ ಮಾಡಿ ಕೊಡುವ ಸುಮಾರು ಒಂದೂವರೆ ಲಕ್ಷ ನೌಕರರಿಗೆ ಸ್ಪಾಟಿಫೈ ಪ್ರೀಮಿಯಂ ಕೊಟ್ಟು, ಅಂಗಡಿಯಲ್ಲಿ ಯಾವ ಹಾಡು ಬರಬೇಕೆಂಬುದರಲ್ಲಿ ಅವರ ಮಾತೂ ಸೇರಲಿ ಎಂದರು. ಗಿರಾಕಿ ಇರುವುದು ಒಂದು ಲೋಟ ಕಾಫಿಯ ಹೊತ್ತು, ದಿನವಿಡೀ ಆ ಹಾಡು ಕೇಳುವವರು ಕೌಂಟರಿನ ಹಿಂದೆ ನಿಂತವರು. ಸ್ಟಾರ್‌ಬಕ್ಸ್ ತನ್ನ ನೌಕರರನ್ನು ಕರೆಯುವುದೂ ‘ಪಾರ್ಟ್‌ನರ್’ ಎಂದೇ. ಆ ಕಂಪನಿಯ ಬೇರೆಲ್ಲ ನಡೆಗಳನ್ನು ಹೊಗಳುವ ಉದ್ದೇಶ ನನಗಿಲ್ಲ, ಈ ಒಂದು ಕಡೆ ಮಾತ್ರ ಆ ಪದಕ್ಕೆ ಅರ್ಥ ಇತ್ತು.

ಇಷ್ಟನ್ನೆಲ್ಲ ಇಟ್ಟುಕೊಂಡು ನಾನು ಚಿತ್ರಿಸಿದ ಪರದೆಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಡ್ರೈವರ್ ಡ್ಯೂಟಿ ಶುರು ಮಾಡುವಾಗಲೇ ‘ಇವತ್ತು ಹಾಡು ಬೇಡ’ ಎಂಬ ಒಂದು ಸ್ವಿಚ್. ಅದನ್ನು ಒತ್ತಿದ್ದರೆ ಪ್ರಯಾಣಿಕರ ಪರದೆಯಲ್ಲಿ ಹಾಡಿನ ಪಟ್ಟಿ ಮೂಡುವುದೇ ಇಲ್ಲ. ‘ಡ್ರೈವರ್ ನಿರಾಕರಿಸಿದ್ದಾರೆ’ ಎಂದು ತೋರಿಸುವ ಬದಲು ಸುಮ್ಮನೆ ಇರದಿರುವುದು. ಇದು ಸಣ್ಣ ವಿಷಯ ಅನ್ನಿಸಬಹುದು. ಕೊಡುವ ಸಿಹಿ ಕಂಡಿದ್ದು ಕೈಗೆ ಸಿಗದಿದ್ದರೆ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಸಿಟ್ಟು ಬರುತ್ತದೆ, ಆ ಸಿಟ್ಟು ಹೋಗಿ ಕೂರುವುದು ಸ್ಟಾರ್ ಮೇಲೆ. ಪ್ರಯಾಣದ ನಡುವೆ ಡ್ರೈವರ್ ನಿಲ್ಲಿಸಬೇಕೆಂದರೆ ಮ್ಯಾಪಿನ ಪಕ್ಕದಲ್ಲೇ ದೊಡ್ಡ ಬಟನ್, ‘ಖಚಿತವೇ?’ ಎಂಬ ಮರುಪ್ರಶ್ನೆ ಇಲ್ಲದೆ. ಹಿಂದೆ ಕೂತವರಿಗೆ ‘ಹಾಡು ನಿಂತಿದೆ’ ಎಂದಷ್ಟೇ ಕಾಣುತ್ತದೆ, ಯಾರು ನಿಲ್ಲಿಸಿದರು ಎಂದಲ್ಲ. ಸದ್ದು ಎಷ್ಟಿರಬೇಕು ಎಂಬುದು ಮುಂದಿನ ಸೀಟಿನದು, ಯಾವ ಹಾಡು ಎಂಬುದು ಹಿಂದಿನ ಸೀಟಿನದು. ಡ್ರೈವರ್ ತಾವೇ ಹಾಕಿಕೊಂಡ ಹಾಡು ಪ್ರಯಾಣಿಕರಿಗೆ ಹಿಂಸೆಯಾದರೆ ‘ಸದ್ದು ಕಡಿಮೆ ಇರಲಿ’ ಎಂದು ಆ್ಯಪ್‌ನಲ್ಲೇ ಒತ್ತಬಹುದು, ಆ ಸಂದೇಶ ಡ್ರೈವರ್ ಆರಿಸಿಕೊಂಡ ಭಾಷೆಯಲ್ಲಿ ಅವರ ಪರದೆಗೆ ಹೋಗುತ್ತದೆ. ಸ್ಟಾರ್ ಕೊಡುವಾಗ ಕೇಳುವ ಕಾರಣಗಳ ಸಾಲಿನಲ್ಲಿ ‘ಸಂಗೀತ’ ಎಂಬುದು ಇರುವಂತಿಲ್ಲ.

ಯಾವ ಹಾಡು ಎಂಬಲ್ಲೂ ಒಂದು ಸಂಗತಿ ಇದೆ. ಟ್ಯಾಕ್ಸಿ ಆ್ಯಪ್‌ನ ಪರದೆಯಲ್ಲಿ ಹಾಡಿಗೆ ಸಿಗುವ ಜಾಗ ಅಂಗೈ ಅಗಲವೂ ಅಲ್ಲ, ಮೂರು ಚೌಕ ಹಿಡಿಸಿದರೆ ಹೆಚ್ಚು. ಆ ಮೂರರಲ್ಲಿ ಏನಿರಬೇಕು? ಹಾಡಿನ ಕಂಪನಿ ಕಳಿಸಿದ ಮಾದರಿಯಲ್ಲಿ ಮೂರೂ ಹೆಚ್ಚು ಓಡುತ್ತಿರುವ ಹಿಂದಿ, ಇಂಗ್ಲಿಷ್ ಪಟ್ಟಿಗಳೇ ಆಗಿದ್ದವು. ಬೆಂಗಳೂರಿನಲ್ಲಿ ಓಡುವ ಕಾರಿಗೆ ಒಂದು ಚೌಕವಾದರೂ ಕನ್ನಡದ್ದಿರಲಿ ಎಂದದ್ದಕ್ಕೆ ಯಾರೂ ಜಗಳ ಆಡಲಿಲ್ಲ, ಅದು ಆಯಿತು. ಮೂರನೆಯ ಚೌಕದ ಉಪಾಯ ನನ್ನದಲ್ಲ, ನಾನು ಮಾತಾಡಿಸಿದ ಒಬ್ಬ ಡ್ರೈವರದು. ಅವರು ರಾಯಚೂರಿನವರು. ‘ಹಿಂದೆ ಕುಂತವ್ರು ತಮಿಳ್ರು ಇರ್ತಾರ, ಬಂಗಾಳದವ್ರು ಇರ್ತಾರ. ಬರೀ ಕೊಳಲು ಹಚ್ರಿ ಮೇಡಂ, ಕೊಳಲಿಗೆ ಯಾವ ಭಾಷಾ ಐತ್ರಿ?’ ಅಂದರು. ಮೂರನೆಯ ಚೌಕದಲ್ಲಿ ಈಗ ಬರೀ ವಾದ್ಯಸಂಗೀತ ಇದೆ. ನನಗೆ ಕೇಳಿದರೆ ಇಡೀ ಪ್ರಾಜೆಕ್ಟಿನಲ್ಲಿ ಅತ್ಯುತ್ತಮ ಡಿಸೈನ್ ನಿರ್ಧಾರ ಅದೇ.

ಉಳಿದವುಗಳ ಕಥೆ ಏನಾಯಿತು? ಮೀಟಿಂಗಿನಲ್ಲಿ ಡ್ರೈವರ್ ಪರದೆ ತೋರಿಸಿದಾಗ ಟ್ಯಾಕ್ಸಿ ಕಂಪನಿಯ ಮ್ಯಾನೇಜರ್ ಒಬ್ಬರು ಕೇಳಿದರು: ‘ಈ ಫೀಚರ್ ಬೇಕು ಅಂತ ಎಷ್ಟು ಡ್ರೈವರ್‌ಗಳು ಕೇಳಿದ್ದಾರೆ?’ ನಾನು, ‘ಸರ್, ಅವರನ್ನು ಯಾರಾದರೂ ಕೇಳಿದ್ದಾರಾ?’ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮ್ಯಾನೇಜರ್ ಕೆಟ್ಟವರಲ್ಲ. ಅವರ ತಲೆಯ ಮೇಲೆ ಬಿಡುಗಡೆಯ ದಿನಾಂಕ ಇದೆ, ಇಬ್ಬರು ಎಂಜಿನಿಯರ್‌ಗಳು ಕೆಲಸ ಬಿಟ್ಟು ಹೋಗಿದ್ದಾರೆ. ‘ಇವತ್ತು ಹಾಡು ಬೇಡ’ ಸ್ವಿಚ್ ಮಾತ್ರ ತಕ್ಷಣ ಒಪ್ಪಿಗೆಯಾಯಿತು. ಯಾಕೆ ಗೊತ್ತಾ? ಬ್ಲೂಟೂತ್ ಇಲ್ಲದ ಹಳೆಯ ಕಾರುಗಳಿಗೆ ಹೇಗೂ ಅಂಥದ್ದೊಂದು ಬೇಕಿತ್ತು. ಡ್ರೈವರ್ ಮನಸ್ಸಿಗಾಗಿ ಸಿಗದಿದ್ದದ್ದು ಕಾರಿನ ವಯಸ್ಸಿಗಾಗಿ ಸಿಕ್ಕಿತು. ಸಿಕ್ಕಿತಲ್ಲ, ಸಾಕು. ನಡುದಾರಿಯಲ್ಲಿ ನಿಲ್ಲಿಸುವ ಬಟನ್, ಸದ್ದಿನ ಹತೋಟಿ, ಪ್ರಯಾಣಿಕರ ‘ಸದ್ದು ಕಡಿಮೆ ಇರಲಿ’ ಸಂದೇಶ ಎಲ್ಲವೂ ‘ಎರಡನೇ ಹಂತ’ಕ್ಕೆ ಹೋದವು.

ಐಟಿಯಲ್ಲಿರುವ ಓದುಗರಿಗೆ ಎರಡನೇ ಹಂತ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಹಂತ ಬಿಡುಗಡೆಯಾದ ಮೇಲೆ ತಂಡ ಬೇರೆ ಕೆಲಸಕ್ಕೆ ಹೋಗುತ್ತದೆ. ಸಂಖ್ಯೆಗಳು ಚೆನ್ನಾಗಿದ್ದರೆ ‘ಚೆನ್ನಾಗೇ ನಡೆಯುತ್ತಿದೆಯಲ್ಲ’ ಅನ್ನುತ್ತಾರೆ, ಚೆನ್ನಾಗಿಲ್ಲದಿದ್ದರೆ ‘ಇದನ್ನೇ ನಿಲ್ಲಿಸೋಣ’ ಅನ್ನುತ್ತಾರೆ. ಈ ಪುಟ ಓದುವವರಲ್ಲಿ ಇಂಥ ಮೇಜಿನ ಸುತ್ತ ಕೂರುವ ನನ್ನ ವಯಸ್ಸಿನವರು ಬಹಳ ಜನ ಇದ್ದೀರಿ ಎಂದು ಗೊತ್ತು. ಟ್ಯಾಕ್ಸಿಯೇ ಆಗಬೇಕಿಲ್ಲ, ಜಿಮ್ ಆ್ಯಪ್ ಇರಬಹುದು, ಸಲೂನ್ ಆ್ಯಪ್ ಇರಬಹುದು, ನಾಳೆ ಆಟೊಗೂ ಬರಬಹುದು. ಪರದೆ ಚಿತ್ರಿಸುವ ಮೊದಲು, ಈ ಫೋನ್ ಕೈಯಲ್ಲಿಲ್ಲದೆ ಈ ಹಾಡು ಕೇಳುವವರು ಯಾರು ಎಂದು ಒಂದು ಸಾಲು ಬರೆದಿಡಿ. ಆ ಸಾಲು ಮೊದಲ ಹಂತದ ಪಟ್ಟಿಯಲ್ಲೇ ಇರಲಿ. ಕ್ಯಾಬಿನಲ್ಲಿ ಹಿಂದೆ ಕೂರುವವರಿಗೆ ಬಟನ್ ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ‘ಹಾಡು ಹಾಕಲಾ ಅಣ್ಣ?’ ಎಂದು ಕೇಳಲು ಯಾವ ಇಂಟಿಗ್ರೇಷನ್ನೂ ಬೇಡ.

ನಮ್ಮ ಮೊದಲ ಹಂತ ಮುಂದಿನ ತಿಂಗಳು ಹೊರಗೆ ಬರುತ್ತದೆ. ಎರಡನೇ ಹಂತದ ಕೆಲಸಗಳ ಪಟ್ಟಿಯನ್ನು ಮೊನ್ನೆ ಕಳಿಸಿದ್ದಾರೆ. ಡ್ರೈವರ್ ಬಟನ್ ಒಂಬತ್ತನೇ ಸಾಲಿನಲ್ಲಿದೆ. ಎಂಟನೆಯದು, ದೀಪಾವಳಿಗೆ ಹಾಡಿನ ಪಟ್ಟಿಯ ಬಣ್ಣ ಬದಲಿಸುವುದು. ಎರಡನ್ನೂ ಅದಲುಬದಲು ಮಾಡಿ ಎಂದು ಕೇಳಿ ಮೇಲ್ ಹಾಕಿದ್ದೇನೆ.